‘ಹೆಸರು ಬರುತ್ತೆ, ಸುಮ್ನೆ ಮಾಡ್ಕೊಡಿ’ ಅಂದರೆ ಏನು ಮಾಡಬೇಕು?

ಡಿಸೈನರ್, ಫೋಟೋಗ್ರಾಫರ್, ಚಿತ್ರ ಬರೆಯುವ ಗೆಳೆಯರಿಗೆ ಒಂದು ಮಾತು. "ಈ ಸಲ ಫ್ರೀ ಮಾಡ್ಕೊಡಿ, ಮುಂದೆ ಜಾಸ್ತಿ ಕೆಲಸ ಕೊಡ್ತೀವಿ" ಅಂದರೆ ತಕ್ಷಣ ಹೂಂ ಅನ್ನಬೇಡಿ. ಆ ಮುಂದಿನ ಕೆಲಸದ ಆರ್ಡರನ್ನು ದರದ ಸಮೇತ ಈಗಲೇ ಇಮೇಲ್ ಮಾಡಲು ಹೇಳಿ. ಕೊಡುವ ಮನಸ್ಸಿದ್ದವರು ಕಳಿಸುತ್ತಾರೆ. ಊರಿನ ಶಾಲೆಗೆ ನೀವೇ ಇಷ್ಟಪಟ್ಟು ಮಾಡಿಕೊಡುವುದು ಬೇರೆ ವಿಷಯ ಬಿಡಿ.

ಸ್ಯಾಂಪಲ್ ಕೇಳಿದರೆ ಹಳೆಯ ಕೆಲಸ ತೋರಿಸಿ. ಹೊಸದೇ ಬೇಕು ಅಂದರೆ ಸಣ್ಣ ಸೈಜಿನಲ್ಲಿ, ವಾಟರ್‌ಮಾರ್ಕ್ (ಚಿತ್ರದ ಮೇಲೆ ಮಸುಕಾಗಿ ಕಾಣುವ ನಿಮ್ಮ ಹೆಸರು) ಹಾಕಿ ಕೊಡಿ. ಮೂಲ ಫೈಲನ್ನು ದುಡ್ಡು ಬರುವ ತನಕ ಕೊಡಲೇಬೇಡಿ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. 1957ರ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ನಿಮ್ಮ ಕೆಲಸದ ಮೇಲಿನ ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಡಲು ನಿಮ್ಮ ಸಹಿ ಇರುವ ಪತ್ರ ಬೇಕು. ಬಾಯಿಮಾತು ಸಾಲದು. ಪತ್ರದಲ್ಲಿ ಅವಧಿ ಬರೆಯದಿದ್ದರೆ ಅದು 5 ವರ್ಷಕ್ಕೆ ಮಾತ್ರ. ಆದರೆ ದುಡ್ಡು ಪಡೆದು ತೆಗೆದ ಫೋಟೋ ಹಾಗಲ್ಲ. ಬೇರೆ ಒಪ್ಪಂದ ಇಲ್ಲದಿದ್ದರೆ ಅದರ ಹಕ್ಕು ತೆಗೆಸಿದವರಿಗೇ ಹೋಗುತ್ತದೆ. ಹಾಗಾಗಿ ಫೋಟೋಗ್ರಾಫರ್‌ಗಳು ಮೊದಲೇ ಬರೆಸಿಕೊಳ್ಳಿ.

ಸಣ್ಣ ಉದ್ಯಮಗಳಿಗಾಗಿ ಇರುವ ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ನೋಂದಣಿಯನ್ನೂ ಮಾಡಿಸಿಡಿ, ಅದಕ್ಕೆ ಶುಲ್ಕವಿಲ್ಲ. ಹೀಗೆ ನೋಂದಣಿ ಆಗಿದ್ದರೆ, ಒಪ್ಪಂದದಲ್ಲಿ ಏನೇ ಬರೆದಿರಲಿ, ಕೆಲಸ ಮಾಡಿಸಿಕೊಂಡವರು ಅದನ್ನು ಒಪ್ಪಿಕೊಂಡ 45 ದಿನದೊಳಗೆ ನಿಮಗೆ ಹಣ ಕೊಡಬೇಕು. ತಡವಾದರೆ ಬಡ್ಡಿಯನ್ನೂ ಕೇಳಬಹುದು.