ಜಿಪ್ಸಿಯ ಮುಂದಿನ ಶ್ಯಾಕಲ್ ತಿರುಗಿಸಬೇಕಾ, ಬೇಡ್ವಾ: ನನ್ನ ನಾಲ್ಕು ತಿಂಗಳ ಲೆಕ್ಕಾಚಾರ

ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟ. ಹಳ್ಳದಿಂದ ಕಣಕ್ಕೆ ಹತ್ತುವ ದಾರಿ ಇನ್ನೂರು ಮೀಟರ್ ಕೂಡ ಇಲ್ಲ. ಮಧ್ಯದ ತಿರುವಿನಲ್ಲಿ ಮಳೆನೀರು ಕೊರೆದು ಮೊಣಕಾಲುದ್ದದ ಕೊರಕಲು. ಎಷ್ಟು ಸಲ ಜಲ್ಲಿ ತುಂಬಿಸಿದರೂ ಆಗಸ್ಟ್ ಹೊತ್ತಿಗೆ ಮತ್ತೆ ಹಾಗೇ. ಅಲ್ಲಿಗೆ ಬಂದರೆ ನನ್ನ ಜಿಪ್ಸಿಯ ಮುಂದಿನ ಎಡ ಚಕ್ರ ಗಾಳಿಯಲ್ಲಿ. ಹಿಂದಿನ ಬಲ ಚಕ್ರವೂ ಹಗುರ. ಎಡ ಬಲ ಚಕ್ರ ಒಟ್ಟಿಗೇ ತಿರುಗುವಂತೆ ಕಟ್ಟಿಹಾಕುವ ಡಿಫರೆನ್ಶಿಯಲ್ ಲಾಕ್ ಇಲ್ಲದ ಗಾಡಿ, ಹಾಗಾಗಿ ಫೋರ್ ವೀಲ್ ಹಾಕಿದರೂ ಆ ಎರಡು ಚಕ್ರ ಮಾತ್ರ ತಿರುಗುತ್ತವೆ, ಗಾಡಿ ನಿಂತಲ್ಲೇ ನಿಂತಿರುತ್ತದೆ.

ಜಿಪ್ಸಿ ಕಿಂಗ್, 1.3 ಲೀಟರ್, 16 ವಾಲ್ವ್ ಎಂಜಿನ್. ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ನಾಲ್ಕೂ ಮೂಲೆಗೆ ಲೀಫ್, ಅಂದರೆ ಉಕ್ಕಿನ ಪಟ್ಟಿಗಳನ್ನು ಕಟ್ಟು ಮಾಡಿದ ಬಾಗಿದ ಸ್ಪ್ರಿಂಗ್. ಮುಂದಿನ ಲೀಫಿನ ಹಿಂದಿನ ತುದಿ ಛಾಸಿಗೆ ಬಿಗಿಯಾಗಿ ಕೂತಿರುತ್ತದೆ. ಮುಂದಿನ ತುದಿ ಶ್ಯಾಕಲ್‌ನಲ್ಲಿ ತೂಗಾಡುತ್ತದೆ; ಶ್ಯಾಕಲ್ ಅಂದರೆ ಲೀಫಿನ ತುದಿಯನ್ನು ಛಾಸಿಗೆ ಜೋಡಿಸುವ, ಅತ್ತಿತ್ತ ಅಲ್ಲಾಡುವ ಕೊಂಡಿ. ನನ್ನ ತಲೆಬಿಸಿಯೆಲ್ಲ ಇಲ್ಲಿಂದಲೇ ಶುರು.

ಚಕ್ರ ಕಲ್ಲು ಹತ್ತಿದಾಗ ಲೀಫ್ ಚಪ್ಪಟೆಯಾಗಿ ಉದ್ದವಾಗುತ್ತದೆ. ಹಿಂದಿನ ತುದಿ ಅಲ್ಲಾಡುವಂತಿಲ್ಲವಲ್ಲ, ಆಕ್ಸಲ್ ಮುಂದಕ್ಕೆ ಸರಿಯುತ್ತದೆ. ಅಂದರೆ ಕಲ್ಲಿನ ಮೈಮೇಲೇ ಹೋಗುತ್ತದೆ. ಜಿಪ್ಸಿ ಮುಂದುಗಡೆ ಅಷ್ಟೊಂದು ಕುಟ್ಟುವುದಕ್ಕೆ ಇದೂ ಒಂದು ಕಾರಣ. ಶ್ಯಾಕಲ್ ಹಿಂದಕ್ಕೆ ಹಾಕಿ, ಬಿಗಿ ತುದಿಯನ್ನು ಮುಂದಕ್ಕೆ ತಂದರೆ ಆಕ್ಸಲ್ ಹಿಂದಕ್ಕೆ ಸರಿದು ಹೊಡೆತ ತಪ್ಪಿಸಿಕೊಳ್ಳುತ್ತದೆ. ಶ್ಯಾಕಲ್ ತಿರುಗಿಸುವುದು ಅಂದರೆ ಇದೇ. ಕೇಳೋಕೆ ಚೆನ್ನಾಗಿದೆ ಅಲ್ವಾ? ನನಗೂ ಹಾಗೇ ಅನ್ನಿಸಿತ್ತು.

ಗೆಳೆಯನೊಬ್ಬ ಇನ್ನೂ ದೂರ ಹೋಗಿದ್ದ. ಆಕ್ಸಲ್ ಕೆಳಗಿದ್ದ ಲೀಫನ್ನು ಆಕ್ಸಲ್ ಮೇಲೆ ಕೂರಿಸಿದ್ದ. ಗಾಡಿ ಹತ್ತಿರ ಹತ್ತಿರ ಐದು ಇಂಚು ಎತ್ತರವಾಯಿತು, ನೋಡೋಕೆ ರಾಜನ ಹಾಗೆ. ಆದರೆ ಸ್ಟೇರಿಂಗ್‌ನ ಡ್ರ್ಯಾಗ್ ಲಿಂಕ್ (ಚಕ್ರವನ್ನು ತಿರುಗಿಸುವ ಸರಳು) ಕಡಿದಾಗಿ ಇಳಿದಿತ್ತು. ಪ್ರತಿ ಗುಂಡಿಗೂ ಚಕ್ರ ತಾನಾಗಿ ಪಕ್ಕಕ್ಕೆ ಎಳೆಯುತ್ತಿತ್ತು. ಒಂದು ದಿನ ಓಡಿಸಿ ಕೀ ವಾಪಸ್ ಕೊಟ್ಟೆ. ಇನ್ನೊಂದು ವಿಷಯ, ಇಷ್ಟೆಲ್ಲ ಎತ್ತಿದರೂ ಆಕ್ಸಲ್ ಮೇಲಿನ ಡಿಫರೆನ್ಶಿಯಲ್ ಗುಂಡು ನೆಲದಿಂದ ಒಂದು ಮಿಲಿಮೀಟರ್ ಕೂಡ ಮೇಲೇಳುವುದಿಲ್ಲ. ಅದು ಏಳಬೇಕಾದರೆ ದೊಡ್ಡ ಟೈರೇ ಬೇಕು.

ಸಕಲೇಶಪುರದಲ್ಲಿ ಲೀಫ್ ಕೆಲಸ ಮಾಡುವ ಭಾಯ್ ಒಬ್ಬರಿದ್ದಾರೆ. ಲಾರಿ ಲೀಫಿನಲ್ಲೇ ಕೂದಲು ಬೆಳ್ಳಗಾದವರು. ನನ್ನ ಪ್ಲಾನ್ ಎಲ್ಲ ಕೇಳಿ, ಬೀಡಿ ಆರಿಸಿ, "ಗೌಡ್ರೇ, ನಿಮಗೆ ಗಾಡಿ ಎತ್ತರ ಆಗ್ಬೇಕಾ, ಚಕ್ರ ಕೆಳಗಿಳೀಬೇಕಾ? ಎರಡೂ ಬೇರೆ ಬೇರೆ" ಅಂದರು. ಹೌದಲ್ಲ. ಕೊರಕಲಿನಲ್ಲಿ ನನಗೆ ಬೇಕಿದ್ದುದು ಚಕ್ರ ಕೆಳಗಿಳಿಯುವುದು.

ಅಳೆಯೋಣ ಅಂತ ಕೂತೆವು. ಛಾಸಿಗೆ ಜಾಕ್ ಕೊಟ್ಟು ಎಡಭಾಗ ಎತ್ತಿದೆವು. ಟೈರ್ ನೆಲ ಬಿಡುವ ಹೊತ್ತಿಗೆ ಛಾಸಿ ಮತ್ತು ಆಕ್ಸಲ್ ನಡುವಿನ ಅಂತರ ಬರೀ ಆರು ಸೆಂಟಿಮೀಟರ್ ಜಾಸ್ತಿ ಆಗಿತ್ತು. ಭಾಯ್ ಶಾಕ್ ಅಬ್ಸಾರ್ಬರಿನ ಕೆಳಗಿನ ಬೋಲ್ಟ್ ಬಿಚ್ಚಿದರು. ಧಡ್ ಅಂತ ಆಕ್ಸಲ್ ಇನ್ನೂ ನಾಲ್ಕು ಸೆಂಟಿಮೀಟರ್ ಕೆಳಗಿಳಿಯಿತು. ಲೀಫಿಗೆ ಇಳಿಯುವ ಆಸೆ ಇತ್ತು, ಹಿಡಿದಿಟ್ಟಿದ್ದು ಶಾಕ್! ಆ ಗಳಿಗೆಯಲ್ಲೇ ಭಾಯ್ ನನ್ನ ಕೈ ಹಿಡಿದು ಬ್ರೇಕ್ ಹೋಸ್ ತೋರಿಸಿದರು. ತಂತಿಯ ಹಾಗೆ ಬಿಗಿದುಕೊಂಡಿತ್ತು. ಇನ್ನೊಂದು ಬೆರಳಷ್ಟು ಇಳಿದಿದ್ದರೆ ಹರಿಯುತ್ತಿತ್ತು. ಬರೀ ಉದ್ದದ ಶಾಕ್ ಹಾಕಿಕೊಂಡು ಓಡಿಸುವವರು ಇದನ್ನು ದಯವಿಟ್ಟು ನೋಡಿಕೊಳ್ಳಿ.

ಶ್ಯಾಕಲ್ ತಿರುಗಿಸುವ ಆಸೆ ಆಗಲೂ ಪೂರ್ತಿ ಹೋಗಿರಲಿಲ್ಲ. ಲೀಫ್ ಕಟ್ಟು ಬಿಚ್ಚಿ ಮೇನ್ ಪ್ಲೇಟ್ ಒಂದನ್ನೇ ಹಾಕಿ, ಆಕ್ಸಲ್‌ನಿಂದ ತೂಗುಗುಂಡು ಇಳಿಬಿಟ್ಟು ನೆಲಕ್ಕೆ ಸೀಮೆಸುಣ್ಣದ ಗುರುತು ಹಾಕಿದೆವು. ಬಂಪ್ ಸ್ಟಾಪಿಗೆ, ಅಂದರೆ ಆಕ್ಸಲ್ ಇನ್ನೂ ಮೇಲೇರದಂತೆ ತಡೆಯುವ ರಬ್ಬರಿಗೆ, ತಾಗುವ ತನಕ ಆಕ್ಸಲ್ ಎತ್ತಿದಾಗ ಗುರುತು ಒಂದೂವರೆ ಸೆಂಟಿಮೀಟರ್ ಮುಂದೆ ಹೋಯಿತು. ತಿರುಗಿಸಿದರೆ ಇಷ್ಟೇ ದೂರ ಹಿಂದಕ್ಕೆ, ಅಂದರೆ ಟ್ರಾನ್ಸ್‌ಫರ್ ಕೇಸಿನ (ಎಂಜಿನ್ ಶಕ್ತಿಯನ್ನು ಹಿಂದೆ ಮುಂದೆ ಹಂಚುವ ಗೇರ್ ಪೆಟ್ಟಿಗೆ) ಕಡೆಗೆ. ಆಗ ಅಲ್ಲಿಂದ ಆಕ್ಸಲ್ಲಿಗೆ ಬರುವ ಪ್ರೊಪೆಲ್ಲರ್ ಶಾಫ್ಟಿನ, ಉದ್ದ ಕುಗ್ಗಿ ಹಿಗ್ಗುವ ಸ್ಲಿಪ್ ಜಾಯಿಂಟ್ ಒಳಗೆ ಸರಿಯಲು ಜಾಗ ಬೇಕು. ಇಲ್ಲದಿದ್ದರೆ ಶಾಫ್ಟ್ ಗೇರ್ ಕೇಸನ್ನೇ ಗುದ್ದುತ್ತದೆ. ನನ್ನದರಲ್ಲಿ ಜಾಗವೇನೋ ಇತ್ತು.

ಬೇಡ ಅನ್ನಿಸಿದ್ದು ಬೇರೆ ಕಾರಣಕ್ಕೆ. ಬಿಗಿ ತುದಿ ಮುಂದೆ ಬಂದರೆ ಬ್ರೇಕ್ ಒತ್ತಿದಾಗ ಮೂತಿ ಜಾಸ್ತಿ ಬಗ್ಗುತ್ತದೆ. ಶಿರಾಡಿ ಘಾಟಿಯಲ್ಲಿ ಲಾರಿಗಳ ಮಧ್ಯೆ ಇಳಿಯುವಾಗ ನನಗದು ಬೇಡ. ಕಡಿದಾದ ಏರಿನಲ್ಲಿ ಮುಂದಿನ ಚಕ್ರ ಕುಣಿಯುತ್ತದೆ ಅಂತ ಮಾಡಿಸಿಕೊಂಡವರೇ ಹೇಳುತ್ತಾರೆ. ನನ್ನ ಗಾಡಿಯ ಬದುಕೆಲ್ಲ ಏರಿನಲ್ಲೇ. ಸಾಲದ್ದಕ್ಕೆ ಛಾಸಿ ಕೊಯ್ದು ವೆಲ್ಡಿಂಗ್ ಮಾಡಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ತೋಟದೊಳಗೆ ಯಾರೂ ಕೇಳುವುದಿಲ್ಲ, ನಿಜ. ಆದರೆ ಹಾಸನಕ್ಕೂ ಇದೇ ಗಾಡಿ.

ಮಧ್ಯೆ ಒಂದು ಪೆದ್ದು ಕೆಲಸವನ್ನೂ ಮಾಡಿದೆ. ಭಾಯ್‌ಗೆ ಹೇಳದೆ ಎರಡು ಇಂಚು ಉದ್ದದ ರೆಡಿಮೇಡ್ ಶ್ಯಾಕಲ್ ತಂದು ಮುಂದಕ್ಕೆ ಹಾಕಿಸಿದೆ. ಆಕ್ಸಲ್ ಲೀಫಿನ ಮಧ್ಯದಲ್ಲಿರುವುದರಿಂದ ಗಾಡಿ ಎದ್ದಿದ್ದು ಒಂದೇ ಇಂಚು. ಆದರೆ ಲೀಫಿನ ಮುಂದಿನ ತುದಿ ತಗ್ಗಿ ಆಕ್ಸಲ್ ಮುಂದಕ್ಕೆ ವಾಲಿತು, ಕ್ಯಾಸ್ಟರ್ (ಚಕ್ರ ಪಕ್ಕಕ್ಕೆ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಯಿತು. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೆಟ್ಟಗಾಗುವುದೇ ನಿಂತುಹೋಯಿತು. ಹಾನುಬಾಳು ರಸ್ತೆಯ ಒಂದು ತಿರುವಿನಲ್ಲಿ ಗಾಡಿ ಸೀದಾ ಚರಂಡಿ ಕಡೆ ನಡೆದಾಗ ಪಕ್ಕದಲ್ಲಿದ್ದ ಹೆಂಡತಿ ಏನೂ ಮಾತಾಡಲಿಲ್ಲ. ಅದೇ ಜಾಸ್ತಿ ಹೆದರಿಸಿತು. ಮೂರನೇ ದಿನ ಹಳೆ ಶ್ಯಾಕಲ್ ವಾಪಸ್.

ಕೊನೆಗೆ ಮಾಡಿಸಿದ್ದು ಇಷ್ಟು. ಲೀಫ್ ಕಟ್ಟು ಪೂರ್ತಿ ಬಿಚ್ಚಿದೆವು. ಪ್ಲೇಟುಗಳ ನಡುವೆ ತುಕ್ಕು ಪದರಪದರವಾಗಿ ಎದ್ದಿತ್ತು, ಒಂದರ ಮೇಲೊಂದು ಜಾರುವ ಹಾಗೇ ಇರಲಿಲ್ಲ. ವೈರ್ ಬ್ರಷ್‌ನಲ್ಲಿ ಉಜ್ಜಿ ಗ್ರಾಫೈಟ್ ಗ್ರೀಸ್ ಹಚ್ಚಿದೆವು. ಬುಷ್ ಎಲ್ಲ ಹೊಸದು, ಯು ಬೋಲ್ಟೂ ಹೊಸದು. ಶ್ಯಾಕಲ್ ಬೋಲ್ಟನ್ನು ಗಾಡಿ ಜಾಕಿನ ಮೇಲಿದ್ದಾಗ ಬಿಗಿಯಬಾರದು. ಚಕ್ರ ನೆಲಕ್ಕೆ ಕೂತು ಭಾರ ಬಿದ್ದ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಮೊದಲಿನದನ್ನು ಯಾರೋ ಹಾಗೇ ಬಿಗಿದಿದ್ದರು. ಆಮೇಲೆ ಐದು ಸೆಂಟಿಮೀಟರ್ ಉದ್ದದ ಶಾಕ್ ಮತ್ತು ಉದ್ದದ ಬ್ರೇಕ್ ಹೋಸ್. ಹೊಸ ಶಾಕ್ ಪೂರ್ತಿ ಮಡಚಿದಾಗಿನ ಅಳತೆಯನ್ನೂ ನೋಡಿಕೊಂಡೆವು. ಬಂಪ್ ಸ್ಟಾಪಿಗಿಂತ ಮೊದಲು ಶಾಕೇ ತಳ ಮುಟ್ಟಿದರೆ ಅದರ ಮೌಂಟ್ ಕಿತ್ತುಬರುತ್ತದೆ.

ಮೊನ್ನೆ ಮಳೆಯಲ್ಲಿ ಗೊಬ್ಬರದ ನಾಲ್ಕು ಮೂಟೆ ಹೇರಿ ಅದೇ ಕೊರಕಲು ಹತ್ತಿಸಿದೆ. ಎಡ ಚಕ್ರ ಗುಂಡಿಯ ತಳ ಮುಟ್ಟಿ ಸ್ವಲ್ಪ ಕೆಸರು ಎರಚಿ ಹಿಡಿದುಕೊಂಡಿತು. ಈಗ ತೇಲುವುದು ಹಿಂದಿನ ಬಲ ಚಕ್ರ. ಭಾಯ್‌ಗೆ ಫೋನ್ ಮಾಡಿದರೆ, "ಹಿಂದಿನ ಲೀಫ್ ಬಿಚ್ಚೇ ಇಲ್ವಲ್ಲ ಗೌಡ್ರೇ, ಕುಯ್ಲು ಮುಗೀಲಿ, ಬನ್ನಿ" ಅಂದರು.