ಔಷಧ ಬೆಲೆಯ ಜಂಟಿ ಅಧ್ಯಯನ: ನನ್ನ ಅನುಭವ

ಬೆಂಗಳೂರಿನ ಒಂದು ವೈದ್ಯಕೀಯ ಕಾಲೇಜಿನಲ್ಲಿ ಔಷಧಶಾಸ್ತ್ರ ಕಲಿಸುತ್ತಿರುವ ನಾನು, ಯುರೋಪಿನ ಒಂದು ವಿಶ್ವವಿದ್ಯಾಲಯದ ಔಷಧ ನೀತಿ ವಿಭಾಗದೊಂದಿಗೆ ಸೇರಿ ಒಂದು ಜಂಟಿ ಅಧ್ಯಯನ ನಡೆಸಿದೆ. ಮಧುಮೇಹ ಮತ್ತು ರಕ್ತದೊತ್ತಡದ ಮಾತ್ರೆಗಳು ಪೀಣ್ಯ ಸುತ್ತಮುತ್ತಲಿನ ಕಾರ್ಮಿಕ ಕುಟುಂಬಗಳ ಕೈಗೆಟುಕುತ್ತಿವೆಯೇ ಎಂಬುದನ್ನು ತಿಳಿಯುವುದು ಅದರ ಉದ್ದೇಶವಾಗಿತ್ತು. ಇಂತಹ ಕೆಲಸಕ್ಕೆ ಕೈಹಾಕಲು ಬಯಸುವ ಕಿರಿಯ ಅಧ್ಯಾಪಕರು ಒಡಂಬಡಿಕೆ, ಅನುಮತಿ, ಅನುದಾನಗಳ ಬಗ್ಗೆ ನನ್ನನ್ನು ಆಗಾಗ ವಿಚಾರಿಸುತ್ತಾರೆ. ಅವುಗಳ ಬಗ್ಗೆಯೂ ಹೇಳುತ್ತೇನೆ. ಆದರೆ ಅಧ್ಯಯನದ ಪ್ರಶ್ನೆ ರೂಪುಗೊಳ್ಳುವಾಗಲೇ ನಾವು ಪಾಲುದಾರರಾಗಿರಬೇಕು, ಮಾಹಿತಿ ಸಂಗ್ರಹಿಸಿ ಕೊಡುವ ಹಂತದಲ್ಲಿ ಸೇರಿಕೊಂಡರೆ ತಡವಾಗಿರುತ್ತದೆ ಎಂಬುದನ್ನು ಎಲ್ಲಕ್ಕಿಂತ ಮೊದಲು ಹೇಳಬೇಕೆನಿಸುತ್ತದೆ.

ವಿದೇಶಿ ಸಹೋದ್ಯೋಗಿಗಳು ಕಳುಹಿಸಿದ ಮೊದಲ ಕರಡು, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಹೆಲ್ತ್ ಆ್ಯಕ್ಷನ್ ಇಂಟರ್‌ನ್ಯಾಷನಲ್ ಸಂಸ್ಥೆಗಳು ಜೊತೆಗೂಡಿ ರೂಪಿಸಿದ ಔಷಧ ಬೆಲೆ ಸಮೀಕ್ಷೆಯ ವಿಧಾನವನ್ನು ಅನುಸರಿಸಿತ್ತು. ಅತ್ಯಂತ ಕಡಿಮೆ ವೇತನ ಪಡೆಯುವ, ವಿಶೇಷ ಕೌಶಲವಿಲ್ಲದ ಸರ್ಕಾರಿ ನೌಕರನೊಬ್ಬ ಒಂದು ತಿಂಗಳ ಚಿಕಿತ್ಸೆಗೆ ಎಷ್ಟು ದಿನಗಳ ಸಂಬಳ ಕೊಡಬೇಕಾಗುತ್ತದೆ ಎಂಬುದೇ ಅಲ್ಲಿ ಅಳತೆಗೋಲು. ಹಲವು ದೇಶಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲು ಇದು ಬಹಳ ಉಪಯುಕ್ತವಾದ ವಿಧಾನ, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಯ ಹೆಣ್ಣುಮಕ್ಕಳ ಕೈಗೆ ಸಿಗುವ ಕೂಲಿ, ನಮ್ಮಲ್ಲಿ ಡಿ ದರ್ಜೆಯ ಸರ್ಕಾರಿ ನೌಕರರಿಗೆ ಸಿಗುವ ಸಂಬಳಕ್ಕಿಂತ ಎಷ್ಟೋ ಕಡಿಮೆ. ಸರ್ಕಾರಿ ನೌಕರನ ಲೆಕ್ಕದಲ್ಲಿ ಕೈಗೆಟುಕುವಂತೆ ಕಾಣುವ ಮಾತ್ರೆ ಈ ಹೆಣ್ಣುಮಕ್ಕಳ ಲೆಕ್ಕದಲ್ಲಿ ದುಬಾರಿಯಾಗಬಹುದು. ಆದ್ದರಿಂದ ಮೂಲ ಅಳತೆಯನ್ನು ಉಳಿಸಿಕೊಂಡು, ಅದರ ಪಕ್ಕದಲ್ಲಿ ಇವರ ದಿನಗೂಲಿಯ ಲೆಕ್ಕವೂ ಇರಬೇಕೆಂದು ನಾವು ಕೇಳಿದೆವು. ಅವರು ಕಾರಣ ಕೇಳಿದರು, ನಾವು ವಿವರಿಸಿದೆವು, ಅವರು ಒಪ್ಪಿದರು.

ಇನ್ನೊಂದು ಬದಲಾವಣೆಯ ಅಗತ್ಯ ಅಂಗಡಿಯ ಮುಂದೆ ನಿಂತಾಗಲೇ ಅರಿವಾಯಿತು. ಕರಡಿನಲ್ಲಿದ್ದ ನಮೂನೆ, ರೋಗಿಯು ಇಡೀ ತಿಂಗಳಿಗೆ ಬೇಕಾದ ಮಾತ್ರೆಗಳನ್ನು ಒಮ್ಮೆಗೇ ಕೊಳ್ಳುತ್ತಾನೆ ಎಂದು ಭಾವಿಸಿತ್ತು. ಪೂರ್ವಭಾವಿ ಸಮೀಕ್ಷೆಯ ಸಂಜೆ, ಕಾರ್ಖಾನೆ ಬಿಟ್ಟ ಹೊತ್ತಿಗೆ ಒಂದು ಮೆಡಿಕಲ್ ಶಾಪಿನ ಬದಿಯಲ್ಲಿ ನಿಂತು ನೋಡಿದಾಗ ಕಂಡದ್ದೇ ಬೇರೆ. ಮಹಿಳೆಯೊಬ್ಬರು ಬಂದು, "ಸಂಬಳ ಆಗೋವರೆಗೂ ಐದು ಶುಗರ್ ಮಾತ್ರೆ ಕೊಡಿ ಅಣ್ಣ" ಎಂದರು. ಅಂಗಡಿಯವರು ಸ್ಟ್ರಿಪ್ಪನ್ನು ಕತ್ತರಿಯಿಂದ ಕತ್ತರಿಸಿ, ಚಿಲ್ಲರೆಯ ತೊಂದರೆಯಿಂದಾಗಿ ಬೆಲೆಯನ್ನು ಮುಂದಿನ ರೂಪಾಯಿಗೆ ಏರಿಸಿ ಕೊಟ್ಟರು. ತಯಾರಿಕೆಯ ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕ ಮುದ್ರಿತವಾಗಿದ್ದ ತುದಿ ಅಂಗಡಿಯಲ್ಲೇ ಉಳಿಯಿತು. ಹೀಗೆ ಬಿಡಿಯಾಗಿ ಕೊಳ್ಳುವವರು ಪ್ರತಿ ಮಾತ್ರೆಗೆ ತುಸು ಹೆಚ್ಚು ಹಣ ಕೊಡುತ್ತಾರೆ, ಸಂಬಳಕ್ಕೆ ಮುಂಚಿನ ವಾರದಲ್ಲಿ ಕೆಲವು ದಿನ ಮಾತ್ರೆಯನ್ನೇ ಬಿಡುತ್ತಾರೆ. ತಿಂಗಳ ಸರಾಸರಿ ಲೆಕ್ಕದಲ್ಲಿ ಇವೆರಡೂ ಕಾಣಿಸುವುದಿಲ್ಲ. ಹೀಗಾಗಿ ಕೊನೆಯ ಬಾರಿ ಎಷ್ಟು ಮಾತ್ರೆ ಕೊಂಡಿರಿ, ಎಷ್ಟು ಕೊಟ್ಟಿರಿ, ಅದು ಎಷ್ಟು ದಿನ ಬಂತು ಎಂಬ ಪ್ರಶ್ನೆಗಳನ್ನು ನಮೂನೆಗೆ ಸೇರಿಸಿದೆವು. ನನ್ನ ಅಭಿಪ್ರಾಯದಲ್ಲಿ ಇಡೀ ಅಧ್ಯಯನದ ಅತ್ಯಂತ ಬೆಲೆಬಾಳುವ ಮಾಹಿತಿ ಬಂದದ್ದು ಈ ಪ್ರಶ್ನೆಗಳಿಂದಲೇ.

ನಮ್ಮ ಬೆಲೆ ನಿಯಂತ್ರಣದ ವ್ಯವಸ್ಥೆಯನ್ನೂ ವಿದೇಶಿ ಸಹೋದ್ಯೋಗಿಗಳಿಗೆ ಬಿಡಿಸಿ ಹೇಳಬೇಕಾಯಿತು. 2013ರ ಔಷಧ ಬೆಲೆ ನಿಯಂತ್ರಣ ಆದೇಶದ ಪ್ರಕಾರ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿರುವ ಔಷಧಗಳಿಗೆ ಗರಿಷ್ಠ ಬೆಲೆ ನಿಗದಿಯಾಗುತ್ತದೆ. ಮಾರುಕಟ್ಟೆಯಲ್ಲಿ ಶೇ 1 ಅಥವಾ ಅದಕ್ಕಿಂತ ಹೆಚ್ಚು ಪಾಲಿರುವ ಬ್ರ್ಯಾಂಡುಗಳ ಸರಾಸರಿ ಬೆಲೆಗೆ, ಚಿಲ್ಲರೆ ವ್ಯಾಪಾರಿಯ ಶೇ 16ರ ಲಾಭಾಂಶವನ್ನು ಸೇರಿಸಿ ಅದನ್ನು ಲೆಕ್ಕ ಹಾಕುತ್ತಾರೆ. ಪಟ್ಟಿಯ ಹೊರಗಿನವುಗಳ ಬೆಲೆಯನ್ನು ವರ್ಷಕ್ಕೆ ಶೇ 10ರವರೆಗೆ ಏರಿಸಬಹುದು. ಒಂದೇ ಔಷಧ ಹತ್ತಾರು ಬ್ರ್ಯಾಂಡುಗಳಲ್ಲಿ, ಹತ್ತಾರು ಬೆಲೆಗಳಲ್ಲಿ ಸಿಗುವ ನಮ್ಮ ಅಂಗಡಿಗಳಲ್ಲಿ, ಮೂಲ ಬ್ರ್ಯಾಂಡ್ ಒಂದು ಕಡೆ, ಅದೇ ಔಷಧಾಂಶವಿರುವ ಅಗ್ಗದ ಜೆನೆರಿಕ್ ಇನ್ನೊಂದು ಕಡೆ ಎಂಬ ಸರಳ ವಿಂಗಡಣೆ ಸಾಲುವುದಿಲ್ಲ. ವೈದ್ಯರು ಬರೆದುಕೊಟ್ಟ ಬ್ರ್ಯಾಂಡಿನ ಬೆಲೆಯನ್ನೂ ಪ್ರತ್ಯೇಕವಾಗಿ ದಾಖಲಿಸಿದೆವು.

ನಮ್ಮ ಕಾಲೇಜಿನ ನೈತಿಕ ಸಮಿತಿಯಲ್ಲಿ ನಡೆದ ಚರ್ಚೆಯನ್ನು ನಾನು ಇಂದಿಗೂ ಗೌರವದಿಂದ ನೆನೆಯುತ್ತೇನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ಇಂತಹ ಸಮಿತಿಯಲ್ಲಿ ವೈದ್ಯರ ಜೊತೆಗೆ ಕಾನೂನು ಬಲ್ಲವರೂ, ಸಮಾಜವಿಜ್ಞಾನಿಯೂ, ಜನಸಾಮಾನ್ಯರ ಪ್ರತಿನಿಧಿಯೂ ಇರಬೇಕು. ನಮ್ಮ ಸಮಿತಿಯಲ್ಲಿ ಜನಸಾಮಾನ್ಯರ ಪ್ರತಿನಿಧಿಯಾಗಿದ್ದವರು ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯರು. ಅವರು ಸಮ್ಮತಿ ಪತ್ರವನ್ನು ಪೂರ್ತಿ ಓದಿ ಕೇಳಿದ್ದು ಒಂದೇ ಮಾತು: "ದುಡ್ಡಿಲ್ಲದೆ ಮಾತ್ರೆ ಬಿಟ್ಟಿದ್ದೇನೆ ಅಂತ ಒಬ್ಬರು ಹೇಳಿದರೆ, ಅದನ್ನು ಬರೆದುಕೊಂಡು ಸುಮ್ಮನೆ ಎದ್ದು ಬರುತ್ತೀರಾ ಮೇಡಂ?" ಮೂಲ ಯೋಜನೆಯ ಪ್ರಕಾರ ನಮ್ಮ ಕೆಲಸ ದಾಖಲಿಸುವುದು ಮಾತ್ರ, ಏಕೆಂದರೆ ನಡುವೆ ಸಲಹೆ ಕೊಟ್ಟರೆ ಉತ್ತರಗಳೇ ಬದಲಾಗಬಹುದೆಂಬ ಆತಂಕ ವಿದೇಶಿ ತಂಡಕ್ಕಿತ್ತು. ಆ ಆತಂಕ ನ್ಯಾಯವಾದದ್ದೇ. ಕೊನೆಗೆ, ಸಂದರ್ಶನ ಪೂರ್ತಿಯಾದ ಮೇಲೆ ಪ್ರತಿಯೊಬ್ಬರಿಗೂ ಹತ್ತಿರದ ಜನೌಷಧಿ ಕೇಂದ್ರ, ನಮ್ಮ ಕ್ಲಿನಿಕ್ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರದ ವಿಳಾಸಗಳಿರುವ ಕನ್ನಡದ ಚೀಟಿಯನ್ನು ಕೊಟ್ಟು ವಿವರಿಸುವುದೆಂದು ತೀರ್ಮಾನವಾಯಿತು. ವಿದೇಶಿ ತಂಡದ ವಿಶ್ವವಿದ್ಯಾಲಯದ ನೈತಿಕ ಸಮಿತಿಯೂ ಈ ತಿದ್ದುಪಡಿಗೆ ಒಪ್ಪಿಗೆ ನೀಡಿತು.

ಇದಕ್ಕಿಂತ ಕಠಿಣವಾದ ಮಾತುಕತೆ ನಡೆದದ್ದು ಅಂಗಡಿಗಳ ವಿಷಯದಲ್ಲಿ. ನಕ್ಷೆ ತಯಾರಿಸಲು ಪ್ರತಿ ಅಂಗಡಿಯ ಜಿಪಿಎಸ್ ಗುರುತು ಬೇಕೆಂದು ವಿದೇಶಿ ತಂಡದವರು ಕೇಳಿದರು. ವೈದ್ಯರ ಚೀಟಿಯಿಲ್ಲದೆ ಕೊಡಬಾರದ ಮಾತ್ರೆಗಳನ್ನು ಪರಿಚಯದ ಮೇಲೆ ಕೊಡುವುದು ನಮ್ಮ ಸಮೀಕ್ಷಕರ ಕಣ್ಣಿಗೆ ಬೀಳುತ್ತಿತ್ತು. ನಿಖರವಾದ ಸ್ಥಳ ಪ್ರಕಟವಾದರೆ ಅಂಗಡಿಯನ್ನು ಯಾರು ಬೇಕಾದರೂ ಗುರುತಿಸಬಹುದಿತ್ತು. ನಮ್ಮನ್ನು ನಂಬಿ ಬೆಲೆಯ ಪಟ್ಟಿ ತೋರಿಸಿದವರನ್ನು ಆ ಇಕ್ಕಟ್ಟಿಗೆ ನೂಕುವುದು ನನಗೆ ಒಪ್ಪಿಗೆಯಾಗಲಿಲ್ಲ. ವಾರ್ಡಿನ ಹೆಸರಿಗಿಂತ ಹೆಚ್ಚಿನ ವಿವರ ಬೆಂಗಳೂರಿನಿಂದ ಹೊರಗೆ ಹೋಗುವುದಿಲ್ಲ, ಅಂಗಡಿಗಳ ಸಂಕೇತ ಸಂಖ್ಯೆಗಳ ಪಟ್ಟಿ ನಮ್ಮ ವಿಭಾಗದಲ್ಲಿಯೇ ಇರುತ್ತದೆ ಎಂದು ಮಾಹಿತಿ ಹಂಚಿಕೆಯ ಒಡಂಬಡಿಕೆಯಲ್ಲಿ ಬರೆಸಿದೆವು. ಇದರಿಂದ ನಕ್ಷೆಯ ಸೂಕ್ಷ್ಮತೆ ಕಡಿಮೆಯಾಯಿತೆಂಬುದು ನಿಜ, ಆದರೂ ನಾನು ಆ ನಿಲುವನ್ನು ಮತ್ತೆ ತೆಗೆದುಕೊಳ್ಳುತ್ತೇನೆ.

ಅನುಮತಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಿದೇಶಿ ಸಹಭಾಗಿತ್ವದ ಆರೋಗ್ಯ ಸಂಶೋಧನೆಗೆ ನೈತಿಕ ಸಮಿತಿಯ ಒಪ್ಪಿಗೆಯಲ್ಲದೆ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಅನುಮೋದನೆಯೂ ಬೇಕು, ಅದರ ಅರ್ಜಿಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮೂಲಕವೇ ಸಲ್ಲಿಸಬೇಕು. ಅನುದಾನದ ಹಣಕ್ಕೆ ವಿದೇಶಿ ದೇಣಿಗೆ ಕಾಯ್ದೆಯ ನಿಯಮಗಳು ಅನ್ವಯವಾಗುತ್ತವೆಯೇ ಎಂಬುದನ್ನು ಕಾಲೇಜಿನ ಲೆಕ್ಕಪತ್ರ ವಿಭಾಗದವರೊಂದಿಗೆ ಕುಳಿತು ಮೊದಲೇ ಖಚಿತಪಡಿಸಿಕೊಳ್ಳಬೇಕು. ಕ್ಷೇತ್ರಕಾರ್ಯದ ದಿನಾಂಕವನ್ನು ಈ ಒಪ್ಪಿಗೆಗಳು ಕೈಸೇರಿದ ಮೇಲೆಯೇ ನಿಗದಿ ಮಾಡುವುದು ಒಳ್ಳೆಯದು.

ಪ್ರಬಂಧದ ಲೇಖಕರ ಪಟ್ಟಿಯನ್ನೂ ಕ್ಷೇತ್ರಕಾರ್ಯಕ್ಕೆ ಮುನ್ನವೇ ಲಿಖಿತವಾಗಿ ನಿರ್ಧರಿಸಿದ್ದೆವು. ನಮೂನೆಯನ್ನು ತಿದ್ದುವುದರಲ್ಲಿ, ಮಾಹಿತಿಯ ವಿಶ್ಲೇಷಣೆಯಲ್ಲಿ ಮತ್ತು ಬರವಣಿಗೆಯಲ್ಲಿ ಪಾಲ್ಗೊಂಡ ಇಬ್ಬರು ಕ್ಷೇತ್ರ ಸಂಶೋಧಕಿಯರ ಹೆಸರುಗಳು ಕೃತಜ್ಞತೆಯ ಸಾಲಿನಲ್ಲಲ್ಲ, ಲೇಖಕರ ಸಾಲಿನಲ್ಲಿಯೇ ಬಂದವು. ಪ್ರಬಂಧ ಪ್ರಕಟವಾಗುವ ಮುನ್ನ ಅದರ ಕನ್ನಡ ಸಾರಾಂಶವನ್ನು ಪೀಣ್ಯದ ಒಂದು ಸಮುದಾಯ ಭವನದಲ್ಲಿ ಭಾಗವಹಿಸಿದವರ ಮುಂದೆ ಓದಿದೆವು, ವಿದೇಶಿ ಸಹೋದ್ಯೋಗಿಗಳಿಬ್ಬರೂ ಬಂದಿದ್ದರು. ಓದು ಮುಗಿದ ಮೇಲೆ ಒಬ್ಬ ಮಹಿಳೆ ಎದ್ದು ನಿಂತು, ಗಂಡ ಹೆಂಡತಿ ಇಬ್ಬರಿಗೂ ಬಿಪಿ ಇದ್ದು ಒಬ್ಬರ ಮಾತ್ರೆಗಷ್ಟೇ ದುಡ್ಡಿರುವಾಗ ಯಾರ ಮಾತ್ರೆ ತರುತ್ತಾರೆ ಎಂಬುದನ್ನು ನೀವು ಯಾಕೆ ಕೇಳಲಿಲ್ಲ ಎಂದರು. ಮುಂದಿನ ಜಂಟಿ ಅಧ್ಯಯನದ ಪ್ರಶ್ನೆ ಅದೇ ಆಗಿದೆ, ಅದರ ಅರ್ಜಿಯನ್ನು ಈಗ ಬೆಂಗಳೂರಿನಲ್ಲಿ ಬರೆಯುತ್ತಿದ್ದೇವೆ.