ಸಾವಿರದಲ್ಲಿ ಒಂದು ಡಿಎನ್‌ಎ ಅಣು: ಡ್ರಾಪ್ಲೆಟ್ ಡಿಜಿಟಲ್ ಪಿಸಿಆರ್‌ನಲ್ಲಿ ಹಿಡಿಯುವ ಬಗೆ

ಡ್ರಾಪ್ಲೆಟ್ ಡಿಜಿಟಲ್ ಪಿಸಿಆರ್ ಎಂದರೆ ಮಾದರಿಯನ್ನು ಸಾವಿರಾರು ಪುಟ್ಟ ಹನಿಗಳಾಗಿ ಒಡೆದು, ಪ್ರತಿ ಹನಿಯೊಳಗೂ ಡಿಎನ್‌ಎ ನಕಲು ಮಾಡಿಸಿ, ಹೊಳೆಯುವ ಹನಿಗಳನ್ನು ಎಣಿಸುವ ವಿಧಾನ. ಮೊದಲು ಲೆಕ್ಕ, ಆಮೇಲೆ ಪಿಪೆಟ್. ಮನುಷ್ಯನ ಜೀನೋಮಿನ ಒಂದು ಪ್ರತಿ ಸುಮಾರು 3.3 ಪಿಕೋಗ್ರಾಂ, 10 ನ್ಯಾನೋಗ್ರಾಂ ಡಿಎನ್‌ಎ ಎಂದರೆ 3,000 ಪ್ರತಿ. ಹುಡುಕುತ್ತಿರುವ ಇಜಿಎಫ್‌ಆರ್ ಜೀನಿನ ಟಿ790ಎಂ ಮ್ಯುಟೇಶನ್ (ಶ್ವಾಸಕೋಶದ ಕ್ಯಾನ್ಸರಿನಲ್ಲಿ ಕಾಣುವ ಡಿಎನ್‌ಎ ಬದಲಾವಣೆ) ಶೇ 0.1ರಷ್ಟಿದ್ದರೆ ಟ್ಯೂಬಿಗೆ ಬೀಳುವುದು ಸರಾಸರಿ ಮೂರೇ ಅಣು. ಒಂದೂ ಬೀಳದಿರುವ ಸಾಧ್ಯತೆ ಶೇ 5. ಟ್ಯೂಬಿನಲ್ಲೇ ಇಲ್ಲದ ಅಣುವನ್ನು ಯಾವ ಯಂತ್ರವೂ ತೋರಿಸದು. ಆದ್ದರಿಂದ ರೋಗಿಯ ಪ್ಲಾಸ್ಮಾ (ರಕ್ತದ ದ್ರವಭಾಗ) ಹೆಚ್ಚು ತೆಗೆದುಕೊಂಡು ಹಲವು ವೆಲ್‌ಗಳಿಗೆ ಹಂಚಿ. ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬಿನ ರಕ್ತವನ್ನು ಕೆಲವೇ ಗಂಟೆಗಳೊಳಗೆ ಸೆಂಟ್ರಿಫ್ಯೂಜ್ ಮಾಡಿ. ತಡವಾದರೆ ಬಿಳಿ ರಕ್ತಕಣಗಳು ಒಡೆದು, ಅವುಗಳ ಡಿಎನ್‌ಎಯಲ್ಲಿ ನಿಮ್ಮ ಮೂರು ಅಣು ಇನ್ನಷ್ಟು ವಿರಳವಾಗುತ್ತವೆ. ಪ್ಲಾಸ್ಮಾದ ಡಿಎನ್‌ಎ ತುಣುಕುಗಳು ಸುಮಾರು 167 ಬೇಸ್ ಜೋಡಿ ಉದ್ದದವು. ಆಂಪ್ಲಿಕಾನ್ (ನಕಲಾಗುವ ಭಾಗ) 100ಕ್ಕಿಂತ ಚಿಕ್ಕದಿರಲಿ.

ಬಯೋ-ರಾಡ್ ಕ್ಯೂಎಕ್ಸ್200 ಯಂತ್ರಕ್ಕೆ 20 ಮೈಕ್ರೋಲೀಟರ್ ಮಿಶ್ರಣ ಬೇಕು: 2ಎಕ್ಸ್ (ಎರಡು ಪಟ್ಟು ಗಾಢ) ಪ್ರೋಬ್ ಸೂಪರ್‌ಮಿಕ್ಸ್ 10, ಪ್ರೈಮರ್-ಪ್ರೋಬ್ (ನಕಲು ಆರಂಭಿಸುವ ಮತ್ತು ಗುರುತು ಹಚ್ಚುವ ಡಿಎನ್‌ಎ ಚೂರುಗಳು) 1, ಉಳಿದ 9 ಡಿಎನ್‌ಎ ಮತ್ತು ನೀರು. ಕೊನೆಗೆ ಪ್ರೈಮರ್ 900, ಪ್ರೋಬ್ 250 ನ್ಯಾನೋಮೋಲಾರ್ ಇರಬೇಕು. ಮ್ಯುಟೇಶನ್‌ಗೆ ಫ್ಯಾಮ್, ಸಾಮಾನ್ಯ ಜೀನಿಗೆ ಹೆಕ್ಸ್: ಇವು ಪ್ರೋಬಿಗಂಟಿದ ಎರಡು ಹೊಳೆಯುವ ಬಣ್ಣಗಳು.

ಹನಿ ತಯಾರಿಸುವ ಕಾರ್ಟ್ರಿಜ್‌ಗೆ ಮೊದಲು ಮಿಶ್ರಣ, ನಂತರ 70 ಮೈಕ್ರೋಲೀಟರ್ ಎಣ್ಣೆ. ಗುಳ್ಳೆ ಬಂದರೆ ಹನಿಗಳು ಕಡಿಮೆಯಾಗುತ್ತವೆ. ಎಂಟೂ ವೆಲ್ ತುಂಬಿರಲೇಬೇಕು. ಮಾದರಿ ಸಾಲದಿದ್ದರೆ ಉಳಿದವಕ್ಕೆ ಕಂಟ್ರೋಲ್ ಬಫರ್ ಹಾಕಿ. ತಯಾರಾದ ಹನಿಗಳನ್ನು ಪ್ಲೇಟಿಗೆ ಸಾಗಿಸುವಾಗ ನಿಧಾನ: ಜೋರಾಗಿ ಎಳೆದರೆ ಹನಿಗಳು ಹರಿದು ಒಂದಕ್ಕೊಂದು ಕೂಡಿಕೊಳ್ಳುತ್ತವೆ.

ಪ್ಲೇಟನ್ನು ಪಿಸಿಆರ್ ಯಂತ್ರದಲ್ಲಿಟ್ಟು 95 ಡಿಗ್ರಿ 10 ನಿಮಿಷ. 94ರಲ್ಲಿ 30 ಸೆಕೆಂಡು, 60ರಲ್ಲಿ 1 ನಿಮಿಷ, ಹೀಗೆ 40 ಸುತ್ತು. ಕೊನೆಗೆ 98ರಲ್ಲಿ 10 ನಿಮಿಷ. ತಾಪ ಏರಿಳಿಯುವ ವೇಗ ಸೆಕೆಂಡಿಗೆ 2 ಡಿಗ್ರಿ ಇರಲಿ, ಎಣ್ಣೆಯೊಳಗಿನ ಹನಿ ಬೇಗ ಬಿಸಿಯಾಗದು.

ಆಮೇಲೆ ರೀಡರ್ ಯಂತ್ರ ಹನಿಗಳನ್ನು ಎಣಿಸುತ್ತದೆ. 10,000ಕ್ಕಿಂತ ಕಡಿಮೆ ಹನಿ ಎಣಿಸಿದ ವೆಲ್ಲನ್ನು ಕೈಬಿಡಿ. ಒಂದೇ ಹನಿಯಲ್ಲಿ ಎರಡು ಅಣು ಕೂತಿರಬಹುದು, ಅದಕ್ಕೇ ಪಾಯ್ಸಾನ್ ಸೂತ್ರ: ಹೊಳೆಯದ ಹನಿಗಳ ಪಾಲಿನಿಂದ ಹನಿಗೆ ಸರಾಸರಿ ಎಷ್ಟು ಅಣು ಎಂದು ಲೆಕ್ಕ ಹಾಕುತ್ತದೆ. 15,000ದಲ್ಲಿ 3,000 ಹನಿ ಹೊಳೆದರೆ ಹನಿಗೆ 0.223 ಅಣು, ಹನಿಯ ಗಾತ್ರ 0.85 ನ್ಯಾನೋಲೀಟರ್ ಆದ್ದರಿಂದ ಮಿಶ್ರಣದ ಮೈಕ್ರೋಲೀಟರಿಗೆ ಸುಮಾರು 262 ಪ್ರತಿ.

ಹೊಳೆವ ಮತ್ತು ಹೊಳೆಯದ ಗುಂಪುಗಳ ನಡುವೆ ಹನಿಗಳು ಮಳೆಯಂತೆ ಚದುರಿದ್ದರೆ 60 ಡಿಗ್ರಿಯ ಹಂತಕ್ಕೆ 55ರಿಂದ 65 ಡಿಗ್ರಿವರೆಗೆ ಗ್ರೇಡಿಯಂಟ್ (ಬೇರೆ ಬೇರೆ ವೆಲ್‌ಗೆ ಬೇರೆ ಬೇರೆ ತಾಪ) ಓಡಿಸಿ, ಗುಂಪುಗಳು ಚೆನ್ನಾಗಿ ಬೇರೆಯಾಗುವ ತಾಪ ಆರಿಸಿ. ನೀರಿನ ಕಂಟ್ರೋಲ್ ಒಂದೇ ಸಾಲದು. ಮ್ಯುಟೇಶನ್ ಇಲ್ಲದ ಡಿಎನ್‌ಎಯನ್ನು ಅಷ್ಟೇ ಪ್ರಮಾಣದಲ್ಲಿ ಹಲವು ವೆಲ್‌ಗಳಲ್ಲಿ ಓಡಿಸಿ. ಅಲ್ಲೂ ಒಂದೆರಡು ಫ್ಯಾಮ್ ಹನಿ ಹೊಳೆದರೆ, ರೋಗಿಯ ವೆಲ್ಲಿನ ಎರಡು ಹನಿಯನ್ನು ಪಾಸಿಟಿವ್ ಎಂದು ಬರೆಯಬೇಡಿ.